ಹುಬ್ಬಳ್ಳಿಯ ಎರೆಮಣ್ಣಿನ ಸೈಟಿಗೊಂದು ತೋಟ: ಮಾರ್ಚ್‌ನಿಂದ ಜುಲೈವರೆಗಿನ ಕೆಲಸ

ಸೈಟು 40×60. ಪಶ್ಚಿಮಕ್ಕೆ ಮುಖ ಮಾಡಿದ ಎರಡಂತಸ್ತಿನ ಮನೆ, ಎತ್ತರ 22 ಅಡಿ. ಮುಂದೆ 12 ಅಡಿ, ಹಿತ್ತಲಲ್ಲಿ 10, ಉತ್ತರಕ್ಕೆ 6, ದಕ್ಷಿಣಕ್ಕೆ 5 ಅಡಿ ಜಾಗ. ಮಣ್ಣು ಅಪ್ಪಟ ಎರೆ, ಅಂದರೆ ಕಪ್ಪು ಜೇಡಿಮಣ್ಣು.

ಮಾರ್ಚ್

ನರ್ಸರಿಗೆ ಹೋಗುವ ಮುಂಚೆ ನೆರಳಿನ ಲೆಕ್ಕ. ಡಿಸೆಂಬರ್ ಕೊನೆಗೆ ಇಲ್ಲಿ ನಡುಹಗಲ ಸೂರ್ಯನ ಎತ್ತರ ಸುಮಾರು 51 ಡಿಗ್ರಿ. ಮನೆಯ ನೆರಳು ಉತ್ತರಕ್ಕೆ 18 ಅಡಿ ಚಾಚುತ್ತದೆ. ಉತ್ತರದ ಓಣಿಗೆ ಚಳಿಗಾಲದಲ್ಲಿ ಬಿಸಿಲೇ ಇಲ್ಲ. ಆದರೆ ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದವರೆಗೆ ಸೂರ್ಯ ನೆತ್ತಿ ದಾಟಿ ಉತ್ತರಕ್ಕಿರುತ್ತಾನೆ, ಅದೇ ಓಣಿಗೆ ನೇರ ಬಿಸಿಲು. ಜನವರಿಯಲ್ಲಿ ನೋಡಿ ‘ನೆರಳಿನ ಜಾಗ’ ಎಂದು ಜರಿಗಿಡ ಇಟ್ಟರೆ ಮೇನಲ್ಲಿ ಎಲೆ ಸುಡುವುದು ಇದಕ್ಕೇ. ಅಲ್ಲಿಗೆ ಗ್ರೋ ಬ್ಯಾಗಿನಲ್ಲಿ ಅರಿಶಿನ, ಕುಂಡದಲ್ಲಿ ದೊಡ್ಡಪತ್ರೆ. ದಕ್ಷಿಣದ ಸೈಟು ಈಗ ಖಾಲಿ, ನಾಳೆ ಮನೆ ಎದ್ದರೆ ಬಿಸಿಲು ಹೋಯಿತು. ಆ ಬದಿಗೂ ಕುಂಡಗಳೇ.

ನೀರು ಎಷ್ಟು ಬೇಗ ಇಂಗುತ್ತದೆಂದು ಒಂದಡಿ ಗುಂಡಿ ತೋಡಿ ನೀರು ಸುರಿದು ನೋಡಿದ್ದಾಯಿತು. ಮೊದಲ ಸಲದ ನೀರು ಬಿರುಕಿಗಿಳಿದು ಮಾಯ, ಅದನ್ನು ನಂಬಬಾರದು. ಎರಡನೇ ಸಲ ತುಂಬಿದ್ದು 12 ತಾಸಾದರೂ ಅರ್ಧ ಹಾಗೇ ನಿಂತಿತ್ತು.

ಏಪ್ರಿಲ್

ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಒಂದೇ ಬದಿಗೆ ದಿನಾ ನೀರುಣಿಸಿದರೆ ಪಾಯದ ಆ ಬದಿ ಮಾತ್ರ ಏಳುತ್ತದೆ, ಕಿಟಕಿ ಮೂಲೆಯಿಂದ ಓರೆ ಬಿರುಕು ಶುರು. ಹಾಗಾಗಿ ಗೋಡೆಯಿಂದ 3 ಅಡಿವರೆಗೆ ಮಡಿ ಇಲ್ಲ. ಅಷ್ಟಕ್ಕೂ 4 ಇಂಚು ಗರಸು (ಜಲ್ಲಿ ಬೆರೆತ ಗಟ್ಟಿ ಮಣ್ಣು) ಬಡಿದು ಮೇಲೆ ಫರಸಿ (ಚಪ್ಪಡಿ ಕಲ್ಲು), ಹೊರಗಡೆಗೆ ಒಂದೂವರೆ ಇಂಚು ಇಳಿಜಾರು. ಕುಂಡಗಳು ಇದರ ಮೇಲೆ ತಟ್ಟೆಯೊಂದಿಗೆ ಕೂರುತ್ತವೆ.

ಮೇ

ಹಿತ್ತಲ ಮಡಿ 20×4, ಎತ್ತರ 1 ಅಡಿ. ಬೇಕಾದದ್ದು 80 ಘನ ಅಡಿ, ಹಾಕಿದ್ದು ಒಂದು ಬ್ರಾಸ್, ಅಂದರೆ 100 ಘನ ಅಡಿ: ಮಸಾರಿ (ಕೆಂಪು) ಮಣ್ಣು 50, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ 30, ದಪ್ಪ ಮರಳು 20 ಘನ ಅಡಿ. ಎರಡು ಮಳೆಗೆ ಕುಸಿದು ಸರಿಹೋಗುತ್ತದೆ. ಎರೆಗೇ ನಾಲ್ಕು ಬುಟ್ಟಿ ಮರಳು ಕಲಸುವ ಸಲಹೆ ಸಿಗುತ್ತದೆ. ಕೇಳಬೇಡಿ, ಒಣಗಿದಾಗ ಇಟ್ಟಿಗೆಯಾಗುತ್ತದೆ. ಗುಂಡಿ ತೋಡಿ ಒಳ್ಳೆ ಮಣ್ಣು ತುಂಬುವುದೂ ತಪ್ಪು. ಸುತ್ತಲಿನ ಎರೆ ನೀರು ಬಿಡದೆ ಗುಂಡಿ ತೊಟ್ಟಿಯಾಗಿ ಬೇರು ಕೊಳೆಯುತ್ತದೆ. ತಳವನ್ನು 4 ಇಂಚು ಸಡಿಲಿಸಿದ್ದಷ್ಟೇ. ಮಡಿಯ ತುದಿಗೆ ನಿಂಬೆ, ಅದಕ್ಕೆ ಇನ್ನೂ ಅರ್ಧ ಅಡಿ ದಿಬ್ಬ.

ಜೂನ್

ಮುಂಭಾಗದ ಸಂಜೆ ಬಿಸಿಲಿಗೆ ಗೋಡೆಯಿಂದ 4 ಅಡಿ ದೂರದಲ್ಲಿ ಜಿಐ ಪೈಪಿನ ಚಪ್ಪರ, ರಂಗೂನ್ ಮಲ್ಲಿಗೆ ಹಬ್ಬಿಸಲು. ಒಂದೂವರೆ ಅಡಿ ಗುಂಡಿಯಲ್ಲಿ ನಿಲ್ಲಿಸಿದ ಎರಡು ಕಂಬ ಮೊದಲ ವಾರದ ಮಳೆಗೇ ವಾಲಿದವು: ಮೇಲ್ಮಣ್ಣು ಉಬ್ಬಿತು, ಪಡುಗಾಳಿ ತಳ್ಳಿತು. ಕಿತ್ತು 3 ಅಡಿ ಆಳಕ್ಕೆ ಕಾಂಕ್ರೀಟು.

ಜುಲೈ

ಚಪ್ಪರದ ಪಕ್ಕ ದಿಬ್ಬದ ಮೇಲೆ ನೆಟ್ಟ ದಾಸವಾಳದ ಚಿಗುರೆಲೆ ಹಳದಿ, ನರ ಮಾತ್ರ ಹಸಿರು. ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಸುಣ್ಣದ ಹರಳಿದ್ದರೆ ಕಬ್ಬಿಣ ಇದ್ದೂ ಬೇರಿಗೆ ದಕ್ಕುವುದಿಲ್ಲ, ಬುಡಕ್ಕೆ ಹಾಕಿದ ಫೆರಸ್ ಸಲ್ಫೇಟೂ ಬೇಗ ನಿಷ್ಪ್ರಯೋಜಕ. ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಎಲೆಗೆ ಸಿಂಪಡಣೆ, 10 ದಿನಕ್ಕೊಮ್ಮೆ ಮೂರು ಸಲ. ದ್ರಾವಣ ಕಂದು ಬಣ್ಣಕ್ಕೆ ತಿರುಗಿದರೆ ಚೆಲ್ಲಿಬಿಡಿ. ಹಳದಿ ಕೆಳಗಿನ ಹಳೆ ಎಲೆಯಿಂದ ಶುರುವಾದರೆ ಕಥೆ ಬೇರೆ. ಮೊದಲು ಬುಡದಲ್ಲಿ ನೀರು ನಿಂತಿದೆಯೇ ನೋಡಿ.

ಮುಂದಿನ ಮೂಲೆಗೊಂದು ಮರ ಬೇಕೆಂಬುದು ಇನ್ನೂ ಇತ್ಯರ್ಥವಾಗಿಲ್ಲ. ಗೋಡೆಗೂ ಬುಡಕ್ಕೂ ನಡುವೆ ಸಿಗುವುದು 9 ಅಡಿ, ಗುಲ್‌ಮೊಹರ್‌ಗೆ ಸಾಲದು. ವರ್ಷಕ್ಕೊಮ್ಮೆ 8 ಅಡಿಗೆ ಸವರುವ ಷರತ್ತಿನ ಮೇಲೆ ಪಾರಿಜಾತದ ಕಡೆಗೆ ಒಲವು.