ನುಂಗಿದ ಗುಳಿಗೆ ಮೈಬಿಟ್ಟು ಹೋಗಲು ಎಷ್ಟು ಹೊತ್ತು?

ಗುಳಿಗೆಯ ಪೊಟ್ಟಣದ ಮೇಲೆ ‘ಬೆಳಿಗ್ಗೆ ಒಂದು, ರಾತ್ರಿ ಒಂದು’ ಎಂದು ಬರೆದುಕೊಡುವುದು ಚಿಕ್ಕಮಗಳೂರಿನ ನಮ್ಮ ಔಷಧದ ಅಂಗಡಿಯಲ್ಲಿ ದಿನವಿಡೀ ನಡೆಯುವ ಕೆಲಸ. ಆಗ ಗಿರಾಕಿಗಳು ಕೇಳುವುದೆಲ್ಲ ಗುಳಿಗೆ ಒಳಗೆ ಹೋಗುವ ವಿಷಯವನ್ನೇ: ಊಟಕ್ಕೆ ಮುಂಚೆಯೋ ಆಮೇಲೋ, ಹಾಲಿನ ಜೊತೆ ತೆಗೆದುಕೊಳ್ಳಬಹುದೋ ಬಾರದೋ. ಅದು ಹೊರಗೆ ಹೋಗುವ ವಿಷಯವನ್ನು ಕೇಳುವವರು ಅಪರೂಪ. ಆದರೆ ದಿನಕ್ಕೆ ಒಂದು ಸಲ ಸಾಕೋ, ಮೂರು ಸಲ ಬೇಕೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಔಷಧವು ದೇಹವನ್ನು ಬಿಡುವ ವೇಗ. ಆ ವೇಗವು ಗುಳಿಗೆಯ ಗುಣವಷ್ಟೇ ಅಲ್ಲ, ನುಂಗಿದವರ ವಯಸ್ಸು, ಕಿಡ್ನಿ, ಲಿವರ್ ಮತ್ತು ಅಭ್ಯಾಸಗಳನ್ನೂ ಅವಲಂಬಿಸಿದೆ.

ನಮ್ಮ ಜಿಲ್ಲೆಯಲ್ಲಿ ವೈದ್ಯರ ಚೀಟಿಯಿಲ್ಲದೆ ಮನೆಮನೆಯಲ್ಲೂ ಸೇವಿಸುವ ಕೆಫೀನಿನಿಂದಲೇ ಆರಂಭಿಸುತ್ತೇನೆ. ಒಂದು ದೊಡ್ಡ ಲೋಟ ಗಟ್ಟಿ ಕಾಫಿಯಲ್ಲಿ 100 ಮಿಲಿಗ್ರಾಂ ಕೆಫೀನ್ ಇದೆಯೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. (ರೊಬಸ್ಟಾ ಬೀಜದಲ್ಲಿ ಅರೇಬಿಕಾದ ಸುಮಾರು ಎರಡರಷ್ಟು ಕೆಫೀನ್ ಇರುತ್ತದೆ, ಚಿಕೋರಿಯಲ್ಲಿ ಸ್ವಲ್ಪವೂ ಇರುವುದಿಲ್ಲ.) ಆರೋಗ್ಯವಂತ ವಯಸ್ಕರ ದೇಹದಲ್ಲಿ ಕೆಫೀನ್ ಅರ್ಧಕ್ಕೆ ಇಳಿಯಲು ಸರಾಸರಿ ಐದು ಗಂಟೆ ಬೇಕು. ಸಂಜೆ ಐದಕ್ಕೆ ಕುಡಿದರೆ ರಾತ್ರಿ ಹತ್ತಕ್ಕೆ 50 ಮಿಲಿಗ್ರಾಂ, ನಡುರಾತ್ರಿ ಕಳೆದು ಮೂರಕ್ಕೆ 25, ಬೆಳಿಗ್ಗೆ ಎಂಟಕ್ಕೆ ಸುಮಾರು 12 ಮಿಲಿಗ್ರಾಂ ಉಳಿದಿರುತ್ತದೆ. ಅಷ್ಟರಲ್ಲಿ ಮುಂದಿನ ಲೋಟವೂ ಹೊಟ್ಟೆ ಸೇರಿರುತ್ತದೆ. ಇಲ್ಲಿ ಗಮನಿಸಬೇಕಾದದ್ದು, ಗಂಟೆಗೆ ಇಂತಿಷ್ಟು ಮಿಲಿಗ್ರಾಂ ಎಂಬಂತೆ ಅದು ಸಮನಾಗಿ ಇಳಿಯುವುದಿಲ್ಲ, ಉಳಿದಿರುವುದರಲ್ಲಿ ಒಂದು ಪಾಲು ಮಾತ್ರ ಪ್ರತಿ ಗಂಟೆಗೂ ಹೋಗುತ್ತದೆ. ಅರ್ಧಕ್ಕೆ ಇಳಿಯುವ ಈ ಅವಧಿಯನ್ನು ಅರ್ಧಾಯು ಎನ್ನುತ್ತಾರೆ. ಐದು ಅರ್ಧಾಯು ಕಳೆದರೆ ಉಳಿಯುವುದು ಶೇಕಡಾ ಮೂರರಷ್ಟು. ವ್ಯವಹಾರದ ದೃಷ್ಟಿಯಿಂದ ಔಷಧ ಹೋಯಿತೆಂದೇ ಅರ್ಥ.

ಆ ಐದು ಗಂಟೆಯೂ ಎಲ್ಲರಿಗೂ ಒಂದೇ ಅಲ್ಲ. ತುಂಬು ಗರ್ಭಿಣಿಯಲ್ಲಿ ಅದು ಸುಮಾರು ಮೂರು ಪಟ್ಟಾಗುತ್ತದೆ. ಲಿವರಿನ ಕಿಣ್ವಗಳು ಇನ್ನೂ ಬಲಿಯದ ನವಜಾತ ಶಿಶುವಿನಲ್ಲಿ ಮೂರು ನಾಲ್ಕು ದಿನಗಳಷ್ಟಾಗುತ್ತದೆ. ಬೀಡಿ, ಸಿಗರೇಟು ಸೇದುವವರಲ್ಲಿ ತದ್ವಿರುದ್ಧವಾಗಿ ಅರ್ಧದಷ್ಟಾಗುತ್ತದೆ, ಏಕೆಂದರೆ ಹೊಗೆಯಲ್ಲಿರುವ ಟಾರಿನ ಅಂಶಗಳು ಕೆಫೀನನ್ನು ಒಡೆಯುವ ಕಿಣ್ವವನ್ನು ಹೆಚ್ಚಿಸುತ್ತವೆ. ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್ ಗುಳಿಗೆಯನ್ನು ಒಡೆಯುವುದೂ ಅದೇ ಕಿಣ್ವ. ಹೀಗಾಗಿ ಎಷ್ಟೋ ವರ್ಷ ಬೀಡಿ ಸೇದಿದ ಹಿರಿಯರೊಬ್ಬರು ಅದನ್ನು ಬಿಟ್ಟರೆ, ಹಳೆಯ ಪ್ರಮಾಣದ ಥಿಯೋಫಿಲಿನ್ ಕೆಲವೇ ದಿನಗಳಲ್ಲಿ ರಕ್ತದಲ್ಲಿ ಹೆಚ್ಚಾಗಿ ಎದೆಬಡಿತ, ಕೈನಡುಕ, ವಾಕರಿಕೆ ಕಾಣಿಸಬಹುದು. ಬೀಡಿ ಬಿಟ್ಟ ವಿಷಯವನ್ನು ವೈದ್ಯರಿಗೆ ಹೇಳಲೇಬೇಕಾದದ್ದು ಇದಕ್ಕೆ. ಹೊಸದಾಗಿ ಸೇದಲು ಶುರುಮಾಡಿದ್ದನ್ನು ಯಾರೂ ಹೇಳುವುದಿಲ್ಲವೆನ್ನುವುದು ಬೇರೆ ಮಾತು.

ಇನ್ನು ಅಂಗಡಿಯಲ್ಲಿ ಮತ್ತೆ ಮತ್ತೆ ಕೇಳಿಬರುವ ದೂರು: “ಅಣ್ಣ, ಮೂರು ದಿನ ಆಯ್ತು, ಬಿ.ಪಿ. ಗುಳಿಗೆ ನುಂಗಿದ್ರೂ ಇಳೀತಾನೇ ಇಲ್ಲ. ಎರಡೆರಡು ತಗೊಳ್ಲಾ?” ಬೇಡ ಎನ್ನುತ್ತೇನೆ. ಅವರಿಗೆ ಕೊಟ್ಟಿರುವುದು ಸಾಮಾನ್ಯವಾಗಿ ಆಮ್ಲೋಡಿಪಿನ್, ಅದರ ಅರ್ಧಾಯು 30ರಿಂದ 50 ಗಂಟೆ. ದಿನವೂ ಒಂದು ಗುಳಿಗೆ ಒಳಗೆ ಹೋಗುತ್ತದೆ, ಹಿಂದಿನ ದಿನದ್ದು ಪೂರ್ತಿ ಹೊರಗೆ ಹೋಗಿರುವುದಿಲ್ಲ. ಹೀಗೆ ಸೇರುತ್ತಾ ಹೋಗಿ, ದಿನಕ್ಕೆ ಒಳಬರುವಷ್ಟೇ ಹೊರಹೋಗುವ ಹದಕ್ಕೆ ಬರಲು ಏಳೆಂಟು ದಿನವಾದರೂ ಬೇಕು. ಮೂರನೆಯ ದಿನ ಎರಡೆರಡು ನುಂಗಿದವರಿಗೆ ಹತ್ತನೆಯ ದಿನ ತಲೆ ಸುತ್ತಿದರೆ ಅಚ್ಚರಿಯಿಲ್ಲ. ಥೈರಾಯ್ಡಿಗೆ ಕೊಡುವ ಥೈರಾಕ್ಸಿನ್‌ನ ಅರ್ಧಾಯು ಸುಮಾರು ಒಂದು ವಾರ. ಪ್ರಮಾಣ ಬದಲಿಸಿದ ಮೇಲೆ ವೈದ್ಯರು ಆರು ವಾರ ಬಿಟ್ಟು ರಕ್ತಪರೀಕ್ಷೆಗೆ ಬನ್ನಿ ಎನ್ನುವುದರ ಹಿಂದೆ ಇರುವುದೂ ಇದೇ ಲೆಕ್ಕ. ಹದಿನೈದು ದಿನಕ್ಕೇ ಮಾಡಿಸಿದ ಪರೀಕ್ಷೆ ಬಹುತೇಕ ದಂಡ.

ಔಷಧ ಹೋದ ಕೂಡಲೇ ಅದರ ಪರಿಣಾಮವೂ ಹೋಗಬೇಕೆಂದಿಲ್ಲ. ಆಸ್ಪಿರಿನ್ ಇಪ್ಪತ್ತು ನಿಮಿಷದೊಳಗೆ ರಕ್ತದಲ್ಲಿ ಅರ್ಧಕ್ಕೆ ಇಳಿದುಬಿಡುತ್ತದೆ, ಆದರೆ ಅಷ್ಟರಲ್ಲಿ ಅದು ಕೆಡಿಸಿದ ಪ್ಲೇಟ್‌ಲೆಟ್‌ಗಳು (ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣಗಳು) ತಮ್ಮ ಆಯುಷ್ಯವಾದ ಏಳರಿಂದ ಹತ್ತು ದಿನ ಹಾಗೆಯೇ ಉಳಿಯುತ್ತವೆ.

ಹೊರಹೋಗುವ ಬಾಗಿಲುಗಳು ಮುಖ್ಯವಾಗಿ ಎರಡು. ಲಿವರ್ ತನ್ನ ಕಿಣ್ವಗಳಿಂದ ಔಷಧದ ರೂಪವನ್ನು ಬದಲಿಸಿ, ನೀರಿನಲ್ಲಿ ಕರಗುವಂತೆ ಮಾಡುತ್ತದೆ. ಕಿಡ್ನಿ ಅದನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್‌ನಂಥ ಕೆಲವು ಔಷಧಗಳನ್ನು ಲಿವರ್ ಮುಟ್ಟುವುದೇ ಇಲ್ಲ, ಅವು ಇದ್ದ ರೂಪದಲ್ಲೇ ಕಿಡ್ನಿಯ ಮೂಲಕ ಹೋಗಬೇಕು. ಹೃದಯಕ್ಕೆ ಕೊಡುವ ಡಿಗಾಕ್ಸಿನ್ ಕೂಡ ಬಹುಪಾಲು ಹಾಗೆಯೇ. ಆದ್ದರಿಂದ ಕಿಡ್ನಿ ಎಷ್ಟು ಚುರುಕಾಗಿದೆ ಎಂಬುದು ಗೊತ್ತಿರಬೇಕು, ಅದನ್ನು ತಿಳಿಯಲು, ಕಿಡ್ನಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಸ ರಕ್ತದಲ್ಲಿ ಎಷ್ಟು ಉಳಿದಿದೆಯೆಂದು ಪರೀಕ್ಷೆ ಮಾಡಿಸುತ್ತಾರೆ. ವರದಿಯಲ್ಲಿ 1.0 ಎಂದಿದ್ದರೆ ಮನೆಯವರು “ಕಿಡ್ನಿ ಚೆನ್ನಾಗಿದೆ” ಎಂದು ವರದಿಯನ್ನು ಮಡಚಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ನನಗೆ ಈ ನೆಮ್ಮದಿಯ ಬಗ್ಗೆ ತಕರಾರಿದೆ. ಕ್ರಿಯಾಟಿನಿನ್ ಹುಟ್ಟುವುದು ಮಾಂಸಖಂಡದಲ್ಲಿ; ಒಣಗಿದ ಮೈಯಲ್ಲಿ ಅದು ಹುಟ್ಟುವುದೇ ಕಡಿಮೆ, ಹಾಗಾಗಿ ಕಿಡ್ನಿ ಸೋತಿದ್ದರೂ ವರದಿಯ ಅಂಕಿ ಸೊಗಸಾಗಿಯೇ ಕಾಣುತ್ತದೆ. ವಯಸ್ಸು, ತೂಕಗಳನ್ನು ಸೇರಿಸಿ ಲೆಕ್ಕ ಹಾಕುವ ಸೂತ್ರವೊಂದನ್ನು ಕಾಕ್‌ಕ್ರಾಫ್ಟ್ ಮತ್ತು ಗಾಲ್ಟ್ ಎಂಬವರು 1976ರಲ್ಲಿ ಕೊಟ್ಟರು: 140ರಿಂದ ವಯಸ್ಸನ್ನು ಕಳೆದು, ತೂಕದಿಂದ ಗುಣಿಸಿ, ಕ್ರಿಯಾಟಿನಿನ್‌ನ 72ರಷ್ಟರಿಂದ ಭಾಗಿಸಬೇಕು, ಹೆಂಗಸರಾದರೆ ಬಂದದ್ದನ್ನು 0.85ರಿಂದ ಗುಣಿಸಬೇಕು. 25 ವರ್ಷದ, 70 ಕಿಲೋ ತೂಕದ ಹುಡುಗನಿಗೆ ಕ್ರಿಯಾಟಿನಿನ್ 1.0 ಇದ್ದರೆ ಉತ್ತರ ನಿಮಿಷಕ್ಕೆ 112 ಮಿಲಿಲೀಟರ್, ಅಂದರೆ ಕಿಡ್ನಿ ನಿಮಿಷಕ್ಕೆ ಅಷ್ಟು ರಕ್ತದ್ರವದಿಂದ ಆ ಕಸವನ್ನು ತೆಗೆಯುತ್ತದೆ. ಅದೇ 1.0 ಇರುವ 75 ವರ್ಷದ, 40 ಕಿಲೋದ ಅಜ್ಜಿಗೆ ಬರುವುದು 31. ವರದಿಯ ಅಂಕಿ ಒಂದೇ, ಔಷಧ ಹೊರಹೋಗುವ ಶಕ್ತಿ ಕಾಲುಭಾಗಕ್ಕಿಂತ ತುಸು ಹೆಚ್ಚು. ಅಂಥವರಿಗೆ ಮೊಮ್ಮಗನ ಪ್ರಮಾಣದ ಗುಳಿಗೆ ಸಲ್ಲದು. ಅಜ್ಜಿಯನ್ನು ಕರೆತರುವಾಗ ಅವರ ಈಗಿನ ತೂಕವನ್ನೂ ಬರೆದು ತನ್ನಿ ಎಂದು ನಾನು ಹೇಳುವುದು ಇದಕ್ಕೇ.

ಉಳಿದಿರುವುದರಲ್ಲಿ ಒಂದು ಪಾಲು ಹೋಗುತ್ತದೆ ಎಂಬ ನಿಯಮಕ್ಕೆ ಒಳಪಡದ ಪದಾರ್ಥಗಳೂ ಇವೆ, ಮದ್ಯ ಅವುಗಳಲ್ಲಿ ಮುಖ್ಯವಾದದ್ದು. ಸಂತೆಯ ದಿನ ಬಸ್‌ಸ್ಟ್ಯಾಂಡಿನಲ್ಲಿ ಒಂದೇ ಟಿಕೆಟ್ ಕೌಂಟರ್ ತೆರೆದಿದ್ದರೆ ಸಾಲು ಎಷ್ಟೇ ಬೆಳೆದರೂ ಗಂಟೆಗೆ ಅಷ್ಟೇ ಜನ ಮುಂದೆ ಹೋಗುವಂತೆ, ಲಿವರಿನ ಕಿಣ್ವವು ಗಂಟೆಗೆ ಏಳರಿಂದ ಹತ್ತು ಗ್ರಾಂನಷ್ಟು ಮದ್ಯಸಾರವನ್ನು ಮಾತ್ರ ಸುಡುತ್ತದೆ. ಒಂದು ಕ್ವಾರ್ಟರ್, ಅಂದರೆ 180 ಮಿಲಿಲೀಟರ್ ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಮದ್ಯಸಾರವಿದೆ. ಅದು ತೀರಲು ಆರರಿಂದ ಒಂಬತ್ತು ಗಂಟೆ ಬೇಕು, ಎರಡು ಕ್ವಾರ್ಟರ್ ಆದರೆ ನೇರವಾಗಿ ಅದರ ಎರಡರಷ್ಟು. ರಾತ್ರಿ ಹತ್ತಕ್ಕೆ ಮುಗಿಸಿ, ಬೆಳಗಿನ ಜಾವ ನಾಲ್ಕಕ್ಕೆ ಚಾರ್ಮಾಡಿ ಘಾಟಿ ಇಳಿಯಲು ಜೀಪು ಹತ್ತಿದವನ ರಕ್ತದಲ್ಲಿ, ಕಾನೂನು ಹೇಳುವ 100 ಮಿಲಿಲೀಟರಿಗೆ 30 ಮಿಲಿಗ್ರಾಂನ ಮಿತಿ ಇನ್ನೂ ಮೀರಿರಬಹುದು. ತಣ್ಣೀರು ಸ್ನಾನ, ಮಜ್ಜಿಗೆ, ನಿಂಬೆಹಣ್ಣು, ನಮ್ಮ ಕಾಫಿ ಯಾವುದೂ ಆ ಕಿಣ್ವದ ವೇಗವನ್ನು ಹೆಚ್ಚಿಸುವುದಿಲ್ಲ. ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್ ಕೂಡ ಪ್ರಮಾಣ ಏರಿದಂತೆ ಇದೇ ಸ್ಥಿತಿಗೆ ಬರುತ್ತದೆ. ಆದ್ದರಿಂದ ಅದನ್ನು ಸ್ವಲ್ಪ ಹೆಚ್ಚಿಸಿದರೂ ರಕ್ತದಲ್ಲಿನ ಮಟ್ಟ ಬಹಳ ಏರಬಹುದು.

ಕೊನೆಯದಾಗಿ ಚಕ್ಕೋತ. ಮಲೆನಾಡಿನ ಹಿತ್ತಲುಗಳಲ್ಲಿ ಕಾಣುವ ಈ ಹಣ್ಣಿಗೂ ಔಷಧಕ್ಕೂ ಸಂಬಂಧವಿದೆ. ಚಕ್ಕೋತ ಮತ್ತು ಕಿತ್ತಳೆಯ ಮಿಶ್ರತಳಿಯಾದ ಗ್ರೇಪ್‌ಫ್ರೂಟ್ ಹಣ್ಣಿನ ರಸದಿಂದ ಕೆಲವು ಔಷಧಗಳ ಮಟ್ಟ ರಕ್ತದಲ್ಲಿ ಏರುವುದನ್ನು ಕೆನಡಾದ ಸಂಶೋಧಕರು 1989ರಲ್ಲಿ ಆಕಸ್ಮಿಕವಾಗಿ ಕಂಡುಕೊಂಡರು. ಫೆಲೋಡಿಪಿನ್ ಎಂಬ ಬಿ.ಪಿ. ಗುಳಿಗೆಯ ಜೊತೆ ಮದ್ಯ ಕೊಟ್ಟು ನೋಡುವ ಪ್ರಯೋಗದಲ್ಲಿ, ಮದ್ಯದ ರುಚಿ ಮರೆಸಲೆಂದು ಆ ರಸವನ್ನು ಬೆರೆಸಿದ್ದರು. ಕರುಳಿನ ಗೋಡೆಯಲ್ಲಿ ಔಷಧದ ಒಂದು ಪಾಲನ್ನು ರಕ್ತ ಸೇರುವ ಮೊದಲೇ ಒಡೆಯುವ ಕಿಣ್ವವಿದೆ, ಅದನ್ನು ಈ ರಸ ನಿಷ್ಕ್ರಿಯಗೊಳಿಸುತ್ತದೆ. ಚಕ್ಕೋತದಲ್ಲೂ ಅದೇ ಬಗೆಯ ಅಂಶಗಳಿವೆ. ಕೆಟ್ಟ ಕಿಣ್ವದ ಬದಲು ಹೊಸದು ಹುಟ್ಟಲು ಒಂದೆರಡು ದಿನ ಬೇಕಾದ್ದರಿಂದ, ಬೆಳಿಗ್ಗೆ ಹಣ್ಣು ತಿಂದು ರಾತ್ರಿ ಗುಳಿಗೆ ನುಂಗುತ್ತೇನೆಂಬ ಉಪಾಯ ಫಲಿಸುವುದಿಲ್ಲ. ಕೊಲೆಸ್ಟರಾಲ್‌ಗೆ ಸಿಮ್ವಾಸ್ಟಾಟಿನ್ ಅಥವಾ ಅಟೋರ್ವಾಸ್ಟಾಟಿನ್ ನುಂಗುವವರು ಚಕ್ಕೋತದ ಬಗ್ಗೆ ವೈದ್ಯರನ್ನು ಕೇಳಿಕೊಳ್ಳಬೇಕು. ರೋಸುವಾಸ್ಟಾಟಿನ್ ಆ ಕಿಣ್ವವನ್ನು ನೆಚ್ಚಿಕೊಂಡಿಲ್ಲದ ಕಾರಣ, ಅದನ್ನು ನುಂಗುವವರಿಗೆ ಹಣ್ಣಿನಿಂದ ಈ ತೊಂದರೆಯಿಲ್ಲ.