ಇಬ್ಬರು ರವಿ, ಒಂದೇ ವಿಳಾಸ

ಬಂತು! ನಿನ್ನೆ ರಾತ್ರಿ ಹನ್ನೊಂದೂವರೆಗೆ ಭದ್ರಾದಿಂದ ಹೊರಟ ಮೇಲ್ ತುಂಗಾದ ರವಿಗೇ ಮುಟ್ಟಿತು. ಮೂರು ವಾರದಿಂದ ಅದು ಕಾವೇರಿಯ ರವಿಗೆ ಹೋಗುತ್ತಿತ್ತು. ಹಳೆಯ ಕಾಲದ ಇಮೇಲ್ ಹೇಗೆ ಓಡಾಡುತ್ತಿತ್ತು ಅಂತ ನೋಡಲು ನಾನು ಜೋಡಿಸಿದ ಮೂರು ಯಂತ್ರಗಳ ಹೆಸರು ಇವು: ಕಾವೇರಿ, ತುಂಗಾ, ಭದ್ರಾ.

ಜೋಡಣೆ ಹೀಗಿದೆ. ಕಾವೇರಿ, ತುಂಗಾ ಎರಡರಲ್ಲೂ ಎಮ್ಯುಲೇಟರ್ (ಹಳೆಯ ಕಂಪ್ಯೂಟರನ್ನು ಅನುಕರಿಸುವ ತಂತ್ರಾಂಶ) ಮೇಲೆ 4.3 ಬಿಎಸ್‌ಡಿ ಅನ್ನುವ ಯುನಿಕ್ಸ್, ಮೇಲ್ ಸಾಗಿಸಲು ಸೆಂಡ್‌ಮೇಲ್ ತಂತ್ರಾಂಶ. ಭದ್ರಾದಲ್ಲಿ 1979ರ ಏಳನೇ ಆವೃತ್ತಿಯ ಯುನಿಕ್ಸ್. ಅದಕ್ಕೆ ಗೊತ್ತಿರುವುದು ಯುಯುಸಿಪಿ (ಯಂತ್ರದಿಂದ ಯಂತ್ರಕ್ಕೆ ಫೈಲ್, ಮೇಲ್ ದಾಟಿಸುವ ಹಳೆಯ ವಿಧಾನ) ಮಾತ್ರ, ಎರಡೂ ಕಡೆ ಸೀರಿಯಲ್ ಕೇಬಲ್. ಎಸ್.ಪಿ. ರೋಡಿನ ಒಂದು ಅಂಗಡಿಯಲ್ಲಿ ನಲ್ ಮೋಡೆಮ್ ಕೇಬಲ್ (2, 3ನೇ ಪಿನ್ ಅದಲುಬದಲಾಗಿರುವ ಕೇಬಲ್) ಅಂತ ಕೊಟ್ಟರು. ಮಲ್ಟಿಮೀಟರ್ ಇಟ್ಟು ನೋಡಿದರೆ 2ಕ್ಕೆ 2, 3ಕ್ಕೆ 3! ಬಿಲ್ ತೋರಿಸಿದರೂ ವಾಪಸ್ ತಗೊಳ್ಳಲಿಲ್ಲ. ನಾನೇ ಕತ್ತರಿಸಿ, ಅದಲುಬದಲು ಮಾಡಿ ಬೆಸುಗೆ ಹಾಕಿದೆ.

ಈಗ ವಿಷಯಕ್ಕೆ. ತುಂಗಾದ ರವಿ ಕಾವೇರಿ ಮೂಲಕ ಭದ್ರಾಕ್ಕೆ ಬರೆದರೆ, ಕಳಿಸಿದವರ ವಿಳಾಸ ಹೀಗೆ ಬರುತ್ತಿತ್ತು:

ತುಂಗಾ!ರವಿ@ಕಾವೇರಿ

ಸೆಂಡ್‌ಮೇಲ್ ಮೊದಲು @ ನೋಡುತ್ತದೆ. ಅಂದರೆ ಕಾವೇರಿಗೆ ಹೋಗು, ಅಲ್ಲಿಂದ ತುಂಗಾ, ಅಲ್ಲಿ ರವಿ. ಭದ್ರಾಕ್ಕೆ @ ಅಂದರೆ ಏನೂ ಅಲ್ಲ, ಅದು ನೋಡುವುದು ! ಮಾತ್ರ. ಉತ್ತರವನ್ನು ಸೀದಾ ತುಂಗಾಕ್ಕೆ ಕೊಟ್ಟು ‘ರವಿ@ಕಾವೇರಿ’ಗೆ ತಲುಪಿಸು ಅನ್ನುತ್ತದೆ. ಎರಡೂ ಕಡೆ ರವಿ ಇದ್ದಾನೆ, ಹಾಗಾಗಿ ಎರರ್ ಕೂಡ ಬರುವುದಿಲ್ಲ! ಆ ಕಾಲದಲ್ಲಿ ಎಷ್ಟು ಪತ್ರ ಹೀಗೆ ಸುಮ್ನೆ ಬೇರೆಯವರ ಕೈ ಸೇರಿದ್ದವೋ ಅಂತ ನಿಜಕ್ಕೂ ಬೇಜಾರಾಯಿತು.

@ಗೇ ಮೊದಲ ಮಣೆ ಅಂತ 1986ರ ಆರ್‌ಎಫ್‌ಸಿ 976 (ಇಂಟರ್ನೆಟ್ ನಿಯಮಗಳ ದಾಖಲೆ) ಹೇಳಿತು. ಆದರೆ 1979ರ ಯಂತ್ರಕ್ಕೆ ಅದನ್ನು ಹೇಳುವವರು ಯಾರು? ದಾರಿ ಒಂದೇ. ಭದ್ರಾಕ್ಕೆ ಕೊಡುವ ಮೊದಲು ಕಾವೇರಿಯೇ ವಿಳಾಸವನ್ನು ಪೂರ್ತಿ ! ರೂಪಕ್ಕೆ ತಿರುಗಿಸಬೇಕು: ಕಾವೇರಿ!ತುಂಗಾ!ರವಿ. ಸೆಂಡ್‌ಮೇಲ್‌ನ ಸಿಎಫ್ (ಸಂರಚನೆ) ಫೈಲಿನಲ್ಲಿ, ಯುಯುಸಿಪಿ ಮೇಲರ್‌ನ ರೂಲ್‌ಸೆಟ್‌ಗೆ (ವಿಳಾಸ ತಿರುಗಿಸುವ ನಿಯಮಗಳ ಪಟ್ಟಿ) ಒಂದು ಸಾಲು ಸೇರಿಸಿದೆ. ಸಾಲಿನ ಭಾಗಗಳ ನಡುವೆ ಟ್ಯಾಬ್ ಇರಲಿ, ಸ್ಪೇಸ್ ಬೇಡ. -ಸಿ (ಸಿಎಫ್ ಫೈಲ್ ಹೆಸರಿಸಲು), -ಬಿಟಿ (ವಿಳಾಸ ಪರೀಕ್ಷೆಗೆ) ಹಾಕಿ ಪರೀಕ್ಷಿಸಿದರೆ ಫಲಿತಾಂಶ ಸರಿ. ನಿಜವಾದ ಮೇಲ್ ಕಳಿಸಿದರೆ ತಪ್ಪು. ಹತ್ತು ಸಲವೂ ಹಾಗೇ.

ನಿನ್ನೆ ಸುಮ್ನೆ /ಯುಎಸ್ಆರ್/ಲಿಬ್ ಫೋಲ್ಡರ್ ಒಳಗೆ ಕಣ್ಣಾಡಿಸಿದಾಗ ಸೆಂಡ್‌ಮೇಲ್.ಎಫ್‌ಸಿ ಕಾಣಿಸಿತು. ತಾರೀಖು ನನ್ನ ತಿದ್ದುಪಡಿಗಿಂತ ಹಳೆಯದು. ಪ್ರತಿಸಲ ಸಿಎಫ್ ಓದಲು ಹೊತ್ತು ಹಿಡಿಯುತ್ತದೆ ಅಂತ, ಒಮ್ಮೆ ಓದಿದ್ದನ್ನು ಹೆಪ್ಪುಗಟ್ಟಿಸಿ ಇಟ್ಟ ಫೈಲ್ ಅದು! -ಸಿ ಕೊಟ್ಟರೆ ಅದನ್ನು ಮುಟ್ಟುವುದಿಲ್ಲ, ಅದಕ್ಕೇ ಪರೀಕ್ಷೆಯಲ್ಲಿ ಎಲ್ಲ ಸರಿ. -ಬಿಝಡ್ ಕೊಟ್ಟು ಹೊಸದಾಗಿ ಹೆಪ್ಪುಗಟ್ಟಿಸಿ, ಹಿನ್ನೆಲೆಯಲ್ಲಿ ಓಡುವ ಸೆಂಡ್‌ಮೇಲ್ (ಡೀಮನ್) ಮತ್ತೆ ಎಬ್ಬಿಸಿದೆ. ಆಮೇಲೆ ಕಳಿಸಿದ್ದೇ ಆ ಹನ್ನೊಂದೂವರೆಯ ಮೇಲ್.

ಮುಂದೆ ನಾಲ್ಕನೇ ಯಂತ್ರ, ಶರಾವತಿ. ಬ್ರಿಟನ್ನಿನ ವಿಶ್ವವಿದ್ಯಾಲಯಗಳ ಜಾನೆಟ್ ಜಾಲದಲ್ಲಿ ವಿಳಾಸವನ್ನು ಹಿಂದುಮುಂದಾಗಿ, ಯುಕೆ.ಎಸಿ ಮೊದಲು ಇಟ್ಟು ಬರೆಯುತ್ತಿದ್ದರು. ಕೊನೆಗೆ ಸಿಎಸ್ ಬಂದರೆ ಅದು ಕಂಪ್ಯೂಟರ್ ವಿಭಾಗವೋ, ಜೆಕೊಸ್ಲೊವಾಕಿಯಾವೋ? ಆ ಗೊಂದಲವನ್ನೇ ಶರಾವತಿಯಲ್ಲಿ ಕಟ್ಟಿ ನೋಡಬೇಕು. ಕೇಬಲ್ ಮಾತ್ರ ಈ ಸಲ ನಾನೇ ಮಾಡಿಕೊಳ್ಳುತ್ತೇನೆ.