ಧಾರವಾಡದ ಬೇಸಿಗೆಯಲ್ಲಿ ಅಪರೂಪದ ಐಸೋಪಾಡ್‌ಗಳು

ಹೂಕುಂಡ ಎತ್ತಿದಾಗ ಅದರಡಿಯಿಂದ ಚದುರಿ ಓಡುವ, ಕೆಲವೊಮ್ಮೆ ಮುಟ್ಟಿದೊಡನೆ ಗುಂಡಗೆ ಸುತ್ತಿಕೊಳ್ಳುವ ಬೂದು ಬಣ್ಣದ ಜೀವಿಯನ್ನು ನಾವೆಲ್ಲ ಹುಳವೆಂದೇ ಕರೆದರೂ ಐಸೋಪಾಡ್ ಕೀಟವಲ್ಲ. ಏಳು ಜೊತೆ ಕಾಲುಗಳ, ಏಡಿ ಮತ್ತು ಸೀಗಡಿಗಳ ಬಳಗದ, ನೀರು ಬಿಟ್ಟು ನೆಲಕ್ಕೆ ಬಂದ ಪ್ರಾಣಿ. ನೆಲಕ್ಕೆ ಬಂದರೂ ಅದರ ಉಸಿರಾಟದ ಅಂಗಗಳು ಒದ್ದೆಯಾಗಿಯೇ ಇರಬೇಕು. ಹವ್ಯಾಸಕ್ಕಾಗಿ ಇವನ್ನು ಡಬ್ಬಿಗಳಲ್ಲಿ ಸಾಕುವವರಿಗೆ ಇದಿಷ್ಟು ಮನದಟ್ಟಾದರೆ ಸಾಕಣೆಯ ಮುಕ್ಕಾಲು ಪಾಲು ತಿಳಿದಂತೆಯೇ.

ಮುಂಗಾರಿನಲ್ಲಿ ಧಾರವಾಡದಲ್ಲಿ ಯಾರು ಬೇಕಾದರೂ ಇವನ್ನು ಸಾಕಬಹುದು. ನಿಜವಾದ ಪರೀಕ್ಷೆ ಶಿವರಾತ್ರಿ ಕಳೆದ ಮೇಲಿನ ಒಣಗಾಳಿಯಲ್ಲಿ. ಆಗ ಗಾಬರಿಯಾಗಿ ಇಡೀ ಡಬ್ಬಿಗೆ ನೀರು ಚಿಮುಕಿಸಬಾರದು. ಒಂದು ಬದಿಯಲ್ಲಿ ಮಾತ್ರ ಪಾಚಿಯಿಟ್ಟು ನೀರುಣಿಸಿ, ಇನ್ನೊಂದು ಬದಿಯನ್ನು ಒಣಗಲು ಬಿಟ್ಟರೆ ತಮಗೆ ಒಗ್ಗುವ ಜಾಗವನ್ನು ಅವೇ ಹುಡುಕಿಕೊಳ್ಳುತ್ತವೆ. ಇವು ತ್ಯಾಜ್ಯವನ್ನು ಬಹುಮಟ್ಟಿಗೆ ಅಮೋನಿಯ ಅನಿಲವಾಗಿ ಹೊರಹಾಕುವುದರಿಂದ ಗಾಳಿಕಿಂಡಿ ಮುಚ್ಚುವಂತಿಲ್ಲ. ನಾನು ಡಬ್ಬಿಗಳನ್ನು ಒಳಕೋಣೆಯ ನೆಲದ ಮೇಲೆ, ನೀರಿನ ಹರವಿಯ ಮಗ್ಗುಲಲ್ಲಿ ಇಡುತ್ತೇನೆ. ಹುಬ್ಬಳ್ಳಿ ಕಡೆಯ ಎರೆಮಣ್ಣು ನೆನೆದರೆ ಅಂಟಾಗಿ, ಒಣಗಿದರೆ ಬಿರಿಯುವುದರಿಂದ ಈ ಕೆಲಸಕ್ಕೆ ಬಾರದು. ಮಸಾರಿ ಮಣ್ಣಿಗೆ ಎಲೆಗೊಬ್ಬರ ಮತ್ತು ತೆಂಗಿನ ನಾರಿನ ಪುಡಿ ಬೆರೆಸಿದರೆ ತೇವ ನಿಲ್ಲುತ್ತದೆ. ಮೇಲೆ ಒಣಗಿದ ಮಾವಿನೆಲೆ, ಹಲಸಿನೆಲೆ, ಪುಡಿಯಾಗುವಷ್ಟು ಕೊಳೆತ ಕಟ್ಟಿಗೆ. ಸುಣ್ಣದ ಅಂಶಕ್ಕೆ ಮೊಟ್ಟೆಯ ಸಿಪ್ಪೆ ಸಾಕು. ಎಲೆಯಡಿಕೆಯ ಸುಣ್ಣ ಮಾತ್ರ ಬೇಡ, ಅದು ಸುಡುತ್ತದೆ.

ಆ ಸುಣ್ಣದಂಶ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಪಾರದರ್ಶಕ ಡಬ್ಬಿಯ ಗೋಡೆ ಹತ್ತಿದ ಐಸೋಪಾಡಿನ ಹೊಟ್ಟೆಯ ಕಡೆಯಿಂದ ನೋಡಬೇಕು. ಪೊರೆ ಬಿಡುವ ಮೊದಲು ಎದೆಯ ಮುಂದಿನ ಖಂಡಗಳಡಿಯಲ್ಲಿ ಬಿಳಿಯ ಬಿಲ್ಲೆಗಳು ಕಾಣಿಸುತ್ತವೆ. ಹಳೆಯ ಚಿಪ್ಪಿನಿಂದ ಹಿಂಪಡೆದ ಸುಣ್ಣದಂಶವನ್ನು ಅದು ಅಲ್ಲಿ ಕೂಡಿಟ್ಟಿರುತ್ತದೆ. ಆಮೇಲೆ ಮೊದಲು ಹಿಂಭಾಗದ ಪೊರೆ, ಒಂದೆರಡು ದಿನ ಬಿಟ್ಟು ಮುಂಭಾಗದ್ದು, ಧೋತರ ಬದಲಿಸಿ ಅಂಗಿಯನ್ನು ನಾಳೆಗೆ ಬಿಟ್ಟವರ ಹಾಗೆ. ಈ ನಡುವೆ ಅರ್ಧ ಮಸುಕು, ಅರ್ಧ ಗಾಢವಾಗಿ ಕಾಣುವ ಪ್ರಾಣಿಗೆ ರೋಗ ತಗಲಿದೆಯೆಂದು ಹೊಸಬರು ಎತ್ತಿ ಬೇರೆ ಇಡುವುದುಂಟು. ಮುಟ್ಟದೆ ಬಿಡುವುದೇ ಒಳ್ಳೆಯದು. ಕಳಚಿದ ಪೊರೆಯನ್ನೂ ತೆಗೆಯಬೇಡಿ, ಅದನ್ನು ಅವೇ ತಿನ್ನುತ್ತವೆ.

ಇನ್ನು ‘ಅಪರೂಪ’ದ ಮಾತು. ಮಾರಾಟದ ಪಟ್ಟಿಗಳಲ್ಲಿ ಮೆರೆಯುವ ಅನೇಕ ಹೆಸರುಗಳು ಸಾಮಾನ್ಯ ಪ್ರಭೇದಗಳದೇ ಬಣ್ಣದ ಬಗೆಗಳು. ಕಪ್ಪು-ಬಿಳಿ ಮಚ್ಚೆಯ ‘ಡೈರಿ ಕೌ’ ಎಂಬುದು ಪೋರ್ಸೆಲಿಯೋ ಲೇವಿಸ್ ಅಷ್ಟೇ. ಅದು ಕೆಲವೇ ತಿಂಗಳಲ್ಲಿ ಡಬ್ಬಿ ತುಂಬುತ್ತದೆ. ಥೈಲ್ಯಾಂಡಿನ ಸುಣ್ಣಕಲ್ಲಿನ ಗುಹೆಗಳ, ಹಳದಿ ಮುಖದ ‘ರಬ್ಬರ್ ಡಕ್ಕಿ’ಯ ಕಥೆ ಬೇರೆ: ಕ್ಯೂಬಾರಿಸ್ ಎಂಬ ಕುಲದ ಹೆಸರಿನೊಂದಿಗೆ ಈ ವ್ಯಾಪಾರದ ಹೆಸರನ್ನಷ್ಟೇ ಹೊತ್ತು ಮಾರುಕಟ್ಟೆಗೆ ಬಂದ ಅದು ಒಂದು ಸಲಕ್ಕೆ ಕೆಲವೇ ಮರಿಗಳನ್ನು ಹೊರುತ್ತದೆ, ನಿಧಾನವಾಗಿ ಬೆಳೆಯುತ್ತದೆ, ಅದಕ್ಕೇ ದುಬಾರಿ. ಇಷ್ಟು ನಿಧಾನವಾದ ಜೀವಿಯನ್ನು ಗುಹೆಯಿಂದಲೇ ಬಾಚಿ ತಂದು ಮಾರುವುದು ನನ್ನ ಮಟ್ಟಿಗೆ ಹವ್ಯಾಸವಲ್ಲ, ಲೂಟಿ. ಸಾಕಿದಲ್ಲೇ ಹುಟ್ಟಿದ ಮರಿಗಳೆಂದು ಖಾತ್ರಿಯಾಗದೆ ನಾನು ಕೊಳ್ಳುವುದಿಲ್ಲ.

ಹಾಗೆಯೇ ದಾಂಡೇಲಿಯ ಕಾಡಿನಲ್ಲಿ ಗೋಲಿಯ ಹಾಗೆ ಸುತ್ತಿಕೊಂಡು ಬಿದ್ದದ್ದೆಲ್ಲ ಐಸೋಪಾಡ್ ಅಲ್ಲ. ಪಶ್ಚಿಮ ಘಟ್ಟದಲ್ಲಿ ಹೀಗೆ ಸುತ್ತಿಕೊಳ್ಳುವ ದಪ್ಪ ಸಹಸ್ರಪದಿಗಳೂ ಇವೆ. ಅವುಗಳ ಬಹುತೇಕ ಖಂಡಗಳಿಗೆ ಎರಡೆರಡು ಜೊತೆ ಕಾಲು. ಅವನ್ನು ಅಲ್ಲೇ ಬಿಟ್ಟು ಬನ್ನಿ.

ಹೊರಗಿನಿಂದ ತಂದ ಪ್ರಭೇದದ ಮರಿಗಳು ಹೆಚ್ಚಾದಾಗ ಹಿತ್ತಲಿಗೆ ಸುರಿಯುವುದು ಸುಲಭ, ಆದರೆ ತಪ್ಪು. ಯುರೋಪಿನ ಆರ್ಮಡಿಲಿಡಿಯಮ್ ವಲ್ಗೇರ್ ಮನುಷ್ಯರ ಸರಕು ಮತ್ತು ಗಿಡಗಳ ಮಣ್ಣಿನ ಜೊತೆ ಹೋಗಿಯೇ ಎಷ್ಟೋ ದೇಶಗಳಲ್ಲಿ ಬೇರೂರಿತು. ಹೆಚ್ಚಾದವನ್ನು ಸಾಕುವವರಿಗೇ ಕೊಡುತ್ತೇನೆ. ಡಬ್ಬಿಯ ಹಳೆಯ ಮಣ್ಣನ್ನು ಕೂಡ ಏಪ್ರಿಲ್ ಬಿಸಿಲಿನಲ್ಲಿ ತೆಳ್ಳಗೆ ಹರವಿ, ಪೂರ್ತಿ ಒಣಗಿದ ಮೇಲೆಯೇ ಹೂಕುಂಡಕ್ಕೆ ಹಾಕುತ್ತೇನೆ.